ಒಂದೇ ಕೂಗಿಗೆ

ಹೊಸೂರಿನ ಕಾಲೇಜಿನಲ್ಲಿ ವೇದವತಿ ಮೇಡಂ ಕೊನೆಯ ವರ್ಷದ ಮಕ್ಕಳಿಗೆ ಉದ್ಯೋಗದ ಜಾಲತಾಣದಲ್ಲಿ ಪರಿಚಯ ಬೆಳೆಸುವುದನ್ನು ಕಲಿಸುತ್ತಿದ್ದರು. "ದೊಡ್ಡವರು ಮೆಸೇಜ್ ಮಾಡಿದ್ರೆ ಕಾಯಿಸ್ಬೇಡಿ, ಕೂಡ್ಲೇ ಉತ್ತರ ಕೊಡಿ" ಎಂಬುದೇ ಅವರ ಮೊದಲ ಪಾಠ.

ಅಂಚೆಟ್ಟಿ ಕಾಡಂಚಿನ ಹಳ್ಳಿಯ ಭಾನು ನಕ್ಕಳು. "ನಮ್ಮಜ್ಜಿ ಬ್ಯಾರೆ ಹೇಳ್ತಾಳೆ ಮೇಡಂ. ಒಂದೇ ಕೂಗಿಗೆ ಓಗೊಡಬ್ಯಾಡ ಕಣೇ, ದೆವ್ವ ಒಂದೇ ಸಲ ಕೂಗೋದು, ಮೂರು ಸಲ ಕೂಗಿದ್ರೇನೇ ಮನುಷ್ಯ ಅಂತಾಳೆ."

"ಮೂರನೇ ಕೂಗಿನ ಹೊತ್ತಿಗೆ ಕೆಲಸ ಬೇರೆಯವರ ಪಾಲಾಗಿರುತ್ತೆ ಅಂತ ನಿಮ್ಮಜ್ಜಿಗೆ ಹೇಳು!"

ತರಗತಿಯೆಲ್ಲ ನಕ್ಕಿತು. ಭಾನು ತನ್ನ ಊರು, ಸಂಜೆಯ ಬಸ್ಸು, ಇಳಿದ ಮೇಲೆ ಒಬ್ಬಳೇ ನಡೆಯುವ ಕಾಡುದಾರಿ, ಎಲ್ಲವನ್ನೂ ಜಾಲತಾಣದ ತನ್ನ ಪುಟದಲ್ಲಿ ಬರೆದಳು. ಕಷ್ಟ ಕಂಡರೆ ಕೆಲಸ ಕೊಡುವವರ ಮನಸ್ಸು ಕರಗುತ್ತದೆಂದು ಬರೆಸಿದವರು ಮೇಡಂ ಅವರೇ. ವಾರದೊಳಗೆ ಕಾರ್ಖಾನೆಯ ಅಧಿಕಾರಿಯೊಬ್ಬ ಅವಳನ್ನು ಮೆಚ್ಚಿ ಬರೆದ. ಅವನ ಫೋಟೋವನ್ನು ಭಾನು ಹೆಮ್ಮೆಯಿಂದ ಮೇಡಂಗೆ ತೋರಿಸಿದ್ದಳು.

ಶನಿವಾರ ಸಂಜೆ ದೇವರಿಗೆ ದೀಪ ಹಚ್ಚಿ ಕೂತ ವೇದವತಿಗೇ ಒಂದು ಪರಿಚಯದ ಕೋರಿಕೆ ಬಂತು. ಅದೇ ಮುಖ, ಅದೇ ನಗು. ಹೆಸರು ಬೇರೆ, ಕಂಪನಿಯೂ ಬೇರೆ.

ಅವರು ಕೂಡಲೇ ಭಾನುವಿಗೆ ಒಂದಲ್ಲ, ಎರಡಲ್ಲ, ಮೂರು ಸಲ ಫೋನ್ ಮಾಡಿದರು. ರಿಂಗೇ ಆಗಲಿಲ್ಲ. ಆಮೇಲೆ ಅವಳ ಮೆಸೇಜೊಂದು ಬಂದು ಬಿತ್ತು.

"ಮೇಡಂ, ಆ ಸಾರು ಬಸ್ ಸ್ಟಾಪಿಗೇ ಬಂದವ್ರೆ! ಹುಣಸೆಮರದ ಹಿಂದಿಂದ ಒಂದೇ ಸಲ ನನ್ ಹೆಸ್ರು ಕರೆದ್ರು. ನೀವ್ ಹೇಳ್ದಂಗೆ ಕೂಡ್ಲೇ ಓಗೊಟ್ಟೆ."

"ದೇವರೇ" ಎನ್ನುತ್ತ ವೇದವತಿ ನಾಲ್ಕನೆಯ ಸಲ ಕರೆದರು. ಆ ಕಡೆಯಿಂದ ಯಾರೂ ಓಗೊಡಲಿಲ್ಲ.