ಹಾರ ಹಾಕಿದ ಪಾಸ್‌ವರ್ಡ್

ತಿರುಚೆಂಗೋಡಿನಾಚೆ ಬೋಳುಗುಡ್ಡದ ಬುಡದಲ್ಲಿರುವ ಪೆರುಮಾಯಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪೂಂಗೋದೈ ಕಲಿಸುತ್ತಿದ್ದದ್ದು ನೆಟ್‌ವರ್ಕ್ ಭದ್ರತೆ. ಕಂಪ್ಯೂಟರುಗಳ ಮನೆಗೆ ಕಳ್ಳ ಯಾವ ಬಾಗಿಲಿಂದ ನುಗ್ಗುತ್ತಾನೆ, ನಾವು ಅಗುಳಿ ಎಲ್ಲಿ ಹಾಕಬೇಕು ಎಂಬ ವಿದ್ಯೆ. ಅದನ್ನು ಕಲಿಸುವ ಕಾಲೇಜಿಗೇ ಅಗುಳಿ ಇಲ್ಲವೆಂಬುದು ಕೆಲಸಕ್ಕೆ ಸೇರಿದ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡದೆ ವರ್ಷಗಟ್ಟಲೆ ಕೂರುವುದಕ್ಕೆ ಆ ಕಾಲೇಜಿನಲ್ಲಿ ಅನುಭವ ಎಂದು ಹೆಸರು.

ಕಾಲೇಜು ಕಟ್ಟಿಸಿದ ನಲ್ಲಸಾಮಿ ಬೋರ್‌ವೆಲ್ ಲಾರಿಗಳನ್ನು ಊರೂರಿಗೆ ಓಡಿಸಿ ಮೇಲೆ ಬಂದವರು. ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು 'ಅಯ್ಯಾ'. ಪೆರುಮಾಯಿ ಅವರ ತಾಯಿ. ಮೊದಲ ಕಂಪ್ಯೂಟರ್ ಲ್ಯಾಬ್ ತೆರೆದ ದಿನ ಪೂಜೆಯಾಗಿ, ಬೂದುಗುಂಬಳ ಒಡೆದು, ದೊಡ್ಡ ಯಂತ್ರಕ್ಕೆ ಪಾಸ್‌ವರ್ಡ್ ಏನಿಡೋಣ ಎಂದು ಯಾರೋ ಕೇಳಿದರಂತೆ. ಅಯ್ಯಾ ಗಂಧ ಮೆತ್ತಿದ ಬೆರಳಿನಲ್ಲೇ ಒಂದೊಂದೇ ಅಕ್ಷರ ಹುಡುಕಿ ತಾಯಿಯ ಹೆಸರು ಒತ್ತಿದರು. ಅದರ ಹಿಂದೆ ಆಕೆ ಹುಟ್ಟಿದ ವರ್ಷ. ಅಂದಿನಿಂದ ಕಾಲೇಜಿಗೆ ಬಂದ ಪ್ರತಿ ಯಂತ್ರಕ್ಕೂ ಅದೇ. ಅಂಕ ಕೂಡಿಡುವ ಯಂತ್ರಕ್ಕೆ ಅದೇ, ಹಾಜರಿಗೆ ಅದೇ, ಗೇಟಿನ ಕ್ಯಾಮರಾಕ್ಕೂ ಅದೇ. ಬೇರೆ ಇಟ್ಟರೆ ಅಮ್ಮನಿಗೆ ಅವಮಾನ.

"ಬದಲಾಯ್ಸೋಕೆ ನಂಗೇನು ಹುಚ್ಚಾ ಅಕ್ಕಾ?" ಎನ್ನುತ್ತಿದ್ದ, ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅನ್ಬರಸು. "ನನಗಿಂತ ಮುಂಚೆ ಇದ್ದೋನು ಒಂದ್ಸಲ ಬದಲಾಯ್ಸಿದ್ದ. ಮುಂದಿನ ವಾರ ಅಯ್ಯಾನ ಲಾರಿ ಒಂದು ಪಲ್ಟಿ ಹೊಡೀತು. ಹಿಂದೇನೇ ಅವನ ಕೆಲ್ಸಾನೂ ಪಲ್ಟಿ ಹೊಡೀತು."

ಇನ್ನೂ ಚೆಂದದ ಸಂಗತಿ ಲ್ಯಾಬಿನ ಗೋಡೆಯ ಮೇಲಿತ್ತು. ಪ್ರತಿ ಲ್ಯಾಬಿನಲ್ಲೂ ಬಾಗಿಲಿಗೆ ಎದುರಾಗಿ ಪೆರುಮಾಯಿ ಅಮ್ಮನ ಫೋಟೋ. ಅದಕ್ಕೆ ಹಾರ, ಮೇಲೊಂದು ಕೆಂಪು ಬಲ್ಬು. ಕೆಳಗೆ ಬಂಗಾರದ ಬಣ್ಣದಲ್ಲಿ ಹೆಸರು, ಹುಟ್ಟಿದ ವರ್ಷ, ತೀರಿಹೋದ ವರ್ಷ. ಕಳ್ಳನಿಗೆ ಬೀಗದ ಕೈ ಕೊಟ್ಟು, ಕತ್ತಲಲ್ಲಿ ಎಡವಬಾರದು ಎಂದು ದೀಪವನ್ನೂ ಹಚ್ಚಿಟ್ಟಿದ್ದರು. ಅದರ ಕೆಳಗೆ ನಿಂತು ಪೂಂಗೋದೈ, ಹೆಸರು ಮತ್ತು ಜನ್ಮವರ್ಷವನ್ನು ಪಾಸ್‌ವರ್ಡ್ ಮಾಡಬಾರದು ಎಂದು ವರ್ಷವರ್ಷವೂ ಪಾಠ ಹೇಳುತ್ತಿದ್ದಳು. ಹುಡುಗರು ಫೋಟೋ ನೋಡಿ ಮುಸಿಮುಸಿ ನಗುತ್ತಿದ್ದರು. ಅವಳು ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದಳು.

ಆ ವರ್ಷ ಮಾತ್ರ ಅವಳಿಗೆ ಆ ಕಾಲೇಜಿನಿಂದ ಬಿಡಿಸಿಕೊಂಡು ಹೋಗುವ ದಾರಿ ಕಂಡಿತ್ತು. ನಾಗರಕೋವಿಲಿನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಕೆಲಸ ಸಿಕ್ಕಿತ್ತು. ಮೂಲ ಸರ್ಟಿಫಿಕೇಟುಗಳನ್ನು ತೋರಿಸುವುದೊಂದು ಬಾಕಿ. ಆ ಸರ್ಟಿಫಿಕೇಟುಗಳೋ ಅಯ್ಯಾನ ಬೀರುವಿನಲ್ಲಿದ್ದವು. ಅಲ್ಲಿ ಮೇಷ್ಟ್ರುಗಳನ್ನು ಸೇರಿಸಿಕೊಳ್ಳುವಾಗಲೇ ಹತ್ತನೇ ತರಗತಿಯಿಂದ ಹಿಡಿದು ಎಲ್ಲವನ್ನೂ ಇಸಿದುಕೊಂಡು ಬೀರುವಿಗೆ ಹಾಕಿ ಬೀಗ ಹಾಕುತ್ತಿದ್ದರು. ದನ ಓಡಿಹೋಗದಂತೆ ಕಾಲಿಗೆ ಕೊರಡು ಕಟ್ಟುವುದಿಲ್ಲವೇ, ಹಾಗೆ. "ಪರಿಶೀಲನಾ ಸಮಿತಿ ಬಂದು ಹೋಗ್ಲಿ ಮೇಡಂ, ಅಯ್ಯಾನೇ ಕೊಡ್ತಾರೆ" ಎಂದಿದ್ದರು ಪ್ರಿನ್ಸಿಪಾಲ್ ದೊರೈಕಣ್ಣು.

ಕಾಲೇಜಿಗೆ ದರ್ಜೆ ಕೊಡುವ ಆ ಸಮಿತಿಗಾಗಿ ಗೋಡೆಗೆಲ್ಲ ಸುಣ್ಣವಾಗುತ್ತಿತ್ತು. ಮೇಷ್ಟ್ರುಗಳ ಸಭೆಯಲ್ಲಿ ಅಯ್ಯಾ ಪೂಂಗೋದೈ ಕಡೆ ನೋಡಿದರು. ಆ ಸೀಮೆಯ ಹಿರಿಯರಂತೆ ಅವರೂ ಕಿರಿಯರನ್ನೆಲ್ಲ 'ಕಣ್ಣು' ಎಂದೇ ಕರೆಯುತ್ತಿದ್ದರು.

"ಏನ್ ಕಣ್ಣು, ನಿನ್ನ ಮಕ್ಕಳು ಏನ್ ತೋರಿಸ್ತಾರೆ ಸಮಿತಿಗೆ?"

"ನಮ್ಮ ಕಾಲೇಜಿನ ನೆಟ್‌ವರ್ಕನ್ನೇ ಪರೀಕ್ಷೆ ಮಾಡಿಸ್ಬಹುದು ಅಯ್ಯಾ. ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಹುಡುಗ್ರೇ ಹುಡುಕಿ ಹೇಳ್ತಾರೆ."

"ಮಾಡ್ಲಿ, ಮಾಡ್ಲಿ. ನಮ್ಮ ಮಕ್ಕಳಲ್ವಾ. ಬೋರ್ ಕೊರೆಯೋ ಮುಂಚೆ ನೆಲ ನೋಡೋದಿಲ್ವಾ, ಹಂಗೆ."

ಎಲ್ಲರೂ ನಕ್ಕರು. ಪೂಂಗೋದೈ ಆ ಕೆಲಸವನ್ನು ಸೆಲ್ವಕ್ಕನಿ ಎಂಬುವಳಿಗೆ ಒಪ್ಪಿಸಿದಳು. ಸೆಲ್ವಕ್ಕನಿ ಕೊನೆಯ ವರ್ಷದ ಹುಡುಗಿ, ದೂರದ ಕೋವಿಲ್‌ಪಟ್ಟಿಯಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ಹೇಳಿಕೊಟ್ಟಿದ್ದನ್ನು ಅಕ್ಷರಕ್ಕೆ ಅಕ್ಷರ ನಂಬುವ ಜಾತಿಯವಳು. ಅಂಥವರು ಸಿಕ್ಕಿದರೆ ಮೇಷ್ಟ್ರಿಗೆ ಪುಣ್ಯ. ಅಂಥವರಿಗೆ ಮೇಷ್ಟ್ರು ಸಿಗುವುದು ಪುಣ್ಯವೋ ಅಲ್ಲವೋ ಹೇಳಲಾಗದು.

"ಮಿಸ್, ಅಯ್ಯಾ ಬರೆದು ಕೊಟ್ಟಿದ್ದಾರಾ?" ಎಂದು ಕೇಳಿದಳು ಹುಡುಗಿ. "ಬರಹದಲ್ಲಿ ಅನುಮತಿ ಇಲ್ದೆ ಇನ್ನೊಬ್ರ ಯಂತ್ರ ಮುಟ್ಟಿದ್ರೆ ಅದು ಕಳ್ಳತನ ಅಂತ ನೀವೇ ಹೇಳಿದ್ದು."

ಪೂಂಗೋದೈಗೆ ನಗು ಬಂತು. ಅಯ್ಯಾನ ಮುಂದೆ ನಿಂತು 'ಬರೆದು ಕೊಡಿ' ಎನ್ನುವುದೆಂದರೆ 'ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ' ಎಂದಂತೆ. ಆ ಕಾಲೇಜಿನಲ್ಲಿ ಕೆಲಸ ಕೊಟ್ಟದ್ದೂ ಬಾಯಲ್ಲಿ, ಕಿತ್ತದ್ದೂ ಬಾಯಲ್ಲಿ. ಜೊತೆಗೆ ಬೀರು ಬೇರೆ ಕಣ್ಣ ಮುಂದಿತ್ತು. ಈಗ ಯಾಕೆ ಕೆಣಕುವುದು ಎಂದುಕೊಂಡಳು.

"ಲೇ, ಅದು ಹೊರಗಿನವರಿಗೆ ಕಣೇ. ಸಭೇಲಿ ಎಲ್ಲರೆದುರಿಗೆ ಒಪ್ಪಿದ್ದಾರೆ. ಅಯ್ಯಾನ ಬಾಯಿಂದ ಬಂತು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಂಗೆ. ನಾನಿದ್ದೀನಿ, ಮಾಡು."

ನಾನಿದ್ದೀನಿ ಎನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆ. ಹುಡುಗಿ ತಲೆಯಾಡಿಸಿ ಹೋದಳು.

ಸಮಿತಿ ಬರುವ ಮೊದಲು ಒಂದು ರಿಹರ್ಸಲ್ ಇಟ್ಟರು. ಅಯ್ಯಾ ಲ್ಯಾಬಿನಲ್ಲಿ ಮುಂದಿನ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಪ್ರಿನ್ಸಿಪಾಲರು, ಹಿಂದೆ ಮೇಷ್ಟ್ರುಗಳು, ಅವರ ಹಿಂದೆ ಹುಡುಗರು. ಪೂಂಗೋದೈ ಹಿಂದಿನ ದಿನ ಸೆಲ್ವಕ್ಕನಿ ಬರೆದ ವರದಿ ನೋಡಬೇಕಾಗಿತ್ತು. ಸಮಿತಿಗೆ ಬೇಕಾದ ಕಡತಗಳಲ್ಲಿ ಮುಳುಗಿ ನೋಡಿರಲಿಲ್ಲ. ಅಥವಾ, ನಿಜ ಹೇಳಬೇಕೆಂದರೆ, ಅದರಲ್ಲಿ ಏನಿರುತ್ತದೆಂದು ಗೊತ್ತಿದ್ದರಿಂದಲೇ ನೋಡಿರಲಿಲ್ಲ.

"ನಮ್ಮ ಕಾಲೇಜಿನ ಎಲ್ಲಾ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇದೆ ಅಯ್ಯಾ," ಎಂದಳು ಸೆಲ್ವಕ್ಕನಿ. "ಅದನ್ನ ಹುಡುಕೋಕೆ ಯಾವ ಸಾಫ್ಟ್‌ವೇರೂ ಬೇಕಾಗ್ಲಿಲ್ಲ." ತಿರುಗಿ ಗೋಡೆ ತೋರಿಸಿದಳು. "ಇಲ್ಲೇ ತೂಗುಹಾಕಿದ್ದೀವಿ. ಅದನ್ನ ಹಾಕಿದ್ರೆ ಅಂಕಗಳ ಯಂತ್ರ ತೆರ್ಕೊಳ್ತದೆ. ನಾನು ತೆರೆದು ನೋಡಿ ಮುಚ್ಚಿದೆ, ಏನೂ ಮುಟ್ಟಿಲ್ಲ. ಬೇರೆ ಯಾರಾದ್ರೂ ಆದ್ರೆ ಮುಟ್ತಾರೆ. ಮೊದಲು ಈ ಹೆಸರು ತೆಗೀಬೇಕು ಅಯ್ಯಾ."

ಅಯ್ಯಾ ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು.

"ನಮ್ಮಮ್ಮನ ಹೆಸರು ಅಷ್ಟು ಕೆಟ್ಟದ್ದಾ ಕಣ್ಣು?"

"ಹೆಸರು ಕೆಟ್ಟದ್ದಲ್ಲ ಅಯ್ಯಾ. ಫಸ್ಟ್ ಇಯರ್ ಹುಡುಗ್ರಿಗೂ ಗೊತ್ತಿದೆ, ಅದೇ ಕೆಟ್ಟದ್ದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ನಕ್ಕಿದ್ದು ನಾಲ್ಕು ಬೆಂಚಿಗೆ ಹರಿಯಿತು. ಹುಡುಗಿ ಹೇಳಿದ್ದನ್ನು ಅಯ್ಯಾ ನುಂಗಿಕೊಳ್ಳುತ್ತಿದ್ದರೇನೋ. ತಾಯಿಯ ಫೋಟೋದ ಕೆಳಗೆ ಎದ್ದ ಆ ನಗುವನ್ನು ನುಂಗಲಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಯ್ಯಾ ಒದೆಯಲಿಲ್ಲ, ಎದ್ದು ಹೊರಗೆ ನಡೆದರು. ಒದೆಯುವ ಕೆಲಸಕ್ಕೆ ಪ್ರಿನ್ಸಿಪಾಲರಿದ್ದರು.

ಮಾರನೆಯ ಬೆಳಗ್ಗೆ ದೊರೈಕಣ್ಣು ಪೂಂಗೋದೈಯನ್ನು ಒಬ್ಬಳನ್ನೇ ಕರೆಸಿದರು. ಫಿಲ್ಟರ್ ಕಾಫಿ ತರಿಸಿಕೊಟ್ಟರು. ಆ ಕೋಣೆಯಲ್ಲಿ ಕಾಫಿ ಬಂತೆಂದರೆ ಏನೋ ಕೆಡುಕು ಕಾದಿದೆ ಎಂದರ್ಥ.

"ಹುಡುಗಿ ಅಂಕಗಳ ಯಂತ್ರಕ್ಕೆ ಕನ್ನ ಹಾಕಿದಾಳೆ ಅಂತ ವಿಚಾರಣೆ ಇಡ್ತಿದ್ದೀವಿ ಮೇಡಂ. ನೀವು ಸಾಕ್ಷಿ."

"ಸಾರ್, ಸಭೇಲಿ ಅಯ್ಯಾನೇ ಒಪ್ಪಿದ್ರಲ್ಲ. ನೀವೂ ಅಲ್ಲೇ ಕೂತಿದ್ರಿ."

"ಕೂತಿದ್ದೆ. ನಗು ಬಂದಾಗ ನಕ್ಕಿದ್ದೂ ನೆನಪಿದೆ. ಅಯ್ಯಾ ಏನಂದ್ರು ಅನ್ನೋದು ನೆನಪಿಲ್ಲ." ಲೋಟ ಅವಳ ಕಡೆ ಸರಿಸಿದರು. "ನಿಮ್ಮ ಸರ್ಟಿಫಿಕೇಟು ಬೀರುವಿನಲ್ಲಿದೆ. ಬೀಗದ ಕೈ ಅಯ್ಯಾನ ಸೊಂಟದಲ್ಲಿದೆ. ಸುಳ್ಳು ಹೇಳಿ ಅಂತ ನಾನು ನಿಮ್ಮನ್ನ ಕೇಳ್ತಿಲ್ಲ ಮೇಡಂ, ಅಂಥ ಪಾಪ ಯಾಕೆ? ಅನುಮತಿ ಬರೆದು ಕೊಟ್ಟಿದ್ರಾ ಅಂತ ಕೇಳ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ನಿ. ನಿಜ ತಾನೇ ಅದು?"

ನಿಜವೇ. ಸುಳ್ಳು ಹೇಳು ಎಂದಿದ್ದರೆ ಮೈಯೆಲ್ಲ ಉರಿದು, ಹಾಳಾಗಿ ಹೋಗಲಿ ಬೀರು ಎಂದು ಎದ್ದು ಬರುತ್ತಿದ್ದಳೋ ಏನೋ. ಈ ಮನುಷ್ಯ ನಿಜವನ್ನೇ ತಟ್ಟೆಯಲ್ಲಿಟ್ಟು ಕೊಡುತ್ತಿದ್ದ.

ವಿಚಾರಣೆಯಲ್ಲಿ ಸೆಲ್ವಕ್ಕನಿ ಮೇಜಿನ ಈಚೆ ನಿಂತಿದ್ದಳು. ಅವಳಿಗೆ ಹೆದರಿಕೆಯೇ ಇರಲಿಲ್ಲ. ಮಿಸ್ ಬಂದದ್ದು ನೋಡಿ ಇನ್ನಷ್ಟು ನೆಟ್ಟಗೆ ನಿಂತಳು.

"ಯಾರು ಹೇಳಿದ್ರು ನಿನಗೆ ಮಾಡು ಅಂತ?"

"ಮಿಸ್ ಹೇಳಿದ್ರು ಸಾರ್. ಅಯ್ಯಾ ಒಪ್ಪಿದ್ದಾರೆ ಅಂದ್ರು."

ದೊರೈಕಣ್ಣು ಪೂಂಗೋದೈ ಕಡೆ ತಿರುಗಿದರು. "ಅಂಥ ಅನುಮತಿ ಏನಾದ್ರೂ ಬರಹದಲ್ಲಿ ಇದೆಯಾ ಮೇಡಂ?"

"ಇಲ್ಲ ಸಾರ್."

"ಬರಹ ಇಲ್ದೆ ಮಾಡಿದ್ರೆ ಅದನ್ನ ಏನಂತ ಪಾಠ ಹೇಳ್ತೀರಿ?"

"ಕಳ್ಳತನ ಅಂತ."

ಆದರೆ ಮಾಡು ಎಂದು ಹೇಳಿದ್ದು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ತರಗತಿಯಲ್ಲಿ ಮಿಸ್ ಅರ್ಧ ವಾಕ್ಯಕ್ಕೆ ನಿಲ್ಲಿಸಿ ನೀರು ಕುಡಿಯುವಾಗ, ಪೆನ್ನು ಹಿಡಿದು ಉಳಿದರ್ಧಕ್ಕೆ ಕಾಯುತ್ತಿದ್ದಳಲ್ಲ, ಹಾಗೆಯೇ ಕಾಯುತ್ತಿದ್ದಳು. ಪೂಂಗೋದೈ ಉಗುಳು ನುಂಗಿದಳು. ಉಗುಳಿನ ಜೊತೆ ಮಾತೂ ಒಳಗೆ ಹೋಯಿತು.

ಕೊನೆಯ ಪರೀಕ್ಷೆಗೆ ಹುಡುಗಿಯನ್ನು ಕೂರಿಸುವುದಿಲ್ಲ, ತಂದೆ ಬಂದು ಕರೆದುಕೊಂಡು ಹೋಗಲಿ ಎಂದು ತೀರ್ಮಾನವಾಯಿತು. ಕಳ್ಳತನದ ಮಾತು ಅವಳ ಟಿ.ಸಿ.ಯಲ್ಲೇ ಬಂತು. ಇನ್ನು ಯಾವ ಕಾಲೇಜೂ ಅವಳನ್ನು ಹೊಸ್ತಿಲು ದಾಟಿಸುವಂತಿರಲಿಲ್ಲ. ಅತ್ತ ಸಮಿತಿ ಬಂತು, ಬಾಳೆಎಲೆಯಲ್ಲಿ ಉಂಡಿತು, ಒಳ್ಳೆಯ ದರ್ಜೆ ಕೊಟ್ಟು ಹೋಯಿತು. ಪಾಸ್‌ವರ್ಡ್ ಹಾಗೇ ಇತ್ತು. ಪೂಂಗೋದೈಯ ಸರ್ಟಿಫಿಕೇಟುಗಳನ್ನು ಅಯ್ಯಾ ತಮ್ಮ ಕೈಯಾರೆ ಕೊಟ್ಟು, "ಚೆನ್ನಾಗಿರು ಕಣ್ಣು" ಎಂದು ಹರಸಿದರು. ಅವಳು ಬಗ್ಗಿ ತೆಗೆದುಕೊಂಡಳು. ಬಗ್ಗಿದ ಬೆನ್ನಿನ ಮೇಲೆ ಅವಳಿಗೇ ಹೇಸಿಗೆಯಾಯಿತು.

ಅದೇ ಮಧ್ಯಾಹ್ನ ಗೇಟಿನ ಹತ್ತಿರ ಸೆಲ್ವಕ್ಕನಿ ಎದುರಾದಳು. ಪಕ್ಕದಲ್ಲಿ ಟ್ರಂಕು, ಹಾಸಿಗೆ ಸುರುಳಿ, ಅಪ್ಪ. ಕೋವಿಲ್‌ಪಟ್ಟಿಯಲ್ಲಿ ಕಡಲೆ ಮಿಠಾಯಿ ಮಾಡುವ ಮನುಷ್ಯ. ಬೆಲ್ಲದ ಪಾಕ ತಾಗಿ ಕೈಯೆಲ್ಲ ಕಲೆ. ಇಂಥ ದಿನವೂ ಮಿಸ್‌ಗೆಂದು ಒಂದು ಪೊಟ್ಟಣ ಕಟ್ಟಿಕೊಂಡು ಬಂದಿದ್ದರು.

"ಟೀಚರಮ್ಮಾ, ಯಾವ ಮುಖ ಇಟ್ಕೊಂಡು ಕೊಡ್ಲಿ ಗೊತ್ತಾಗ್ತಿಲ್ಲ," ಎಂದು ಪೊಟ್ಟಣ ಅವಳ ಕೈಗಿಟ್ಟರು. "ಊರಿಗೆ ಬಂದಾಗೆಲ್ಲ ನಿಮ್ಮ ಮಾತೇ ಇವಳ ಬಾಯಲ್ಲಿ. ನೀವು ಅಷ್ಟು ಹೇಳಿಕೊಟ್ಟೂ ಹಿಂಗೆ ಮಾಡಿದ್ಲಲ್ಲ. ಪ್ರಿನ್ಸಿಪಾಲ್ ಸಾರ್ ಎಲ್ಲಾ ಹೇಳಿದ್ರು."

"ಹಂಗಲ್ಲ ಅಣ್ಣಾ..." ಪೂಂಗೋದೈ ತಡವರಿಸಿದಳು.

"ನೀವು ಮುಚ್ಚಿಡಬೇಡಿ ಟೀಚರಮ್ಮಾ, ನಿಮ್ಮದು ದೊಡ್ಡ ಮನಸ್ಸು. ಏ ಕನಿ, ಕಾಲಿಗೆ ಬೀಳು. ತಪ್ಪಾಯ್ತು ಅನ್ನು."

ಹುಡುಗಿ ಒಂದು ಗಳಿಗೆಯೂ ತಡೆಯದೆ ಬಗ್ಗಿದಳು. ಅಪ್ಪನಿಗೆ ಏನೂ ಹೇಳಿಲ್ಲ ಎಂಬುದು ಪೂಂಗೋದೈಗೆ ಆಗ ಹೊಳೆಯಿತು. ಏಳಿಸಲು ತಾನೂ ಬಗ್ಗಿ, ಅವಳ ಭುಜ ಹಿಡಿದು ಕಿವಿಯಲ್ಲಿ ಕೇಳಿದಳು:

"ಯಾಕೆ ಹೇಳ್ಲಿಲ್ಲ ಕನಿ? ಹೇಳಿಬಿಡು. ಇಲ್ಲ, ನಾನೇ ಹೇಳ್ತೀನಿ."

"ಬೇಡ." ಹುಡುಗಿ ತಲೆಯೆತ್ತಲಿಲ್ಲ. "ತಂಗಿ ಹನ್ನೆರಡನೇ ಕ್ಲಾಸಲ್ಲಿದ್ದಾಳೆ. ನಾನು ಕೆಟ್ಟವಳು ಅಂದ್ರೆ ಅವಳನ್ನಾದ್ರೂ ಓದಿಸ್ತಾರೆ. ಟೀಚರ್‌ಗಳೇ ಹಿಂಗೆ ಅಂತ ಗೊತ್ತಾದ್ರೆ ಅವಳನ್ನೂ ಬಿಡಿಸಿ ಮಿಠಾಯಿ ಕಟ್ಟೋಕೆ ಕೂರಿಸ್ತಾರೆ. ಕ್ಷಮಿಸಿದೀನಿ ಅನ್ನಿ ಮಿಸ್. ಜೋರಾಗಿ ಅನ್ನಿ, ಅಪ್ಪನಿಗೆ ಕೇಳ್ಬೇಕು."

ಅಪ್ಪ ಎರಡು ಹೆಜ್ಜೆ ಆಚೆ, ಕೈ ಕಟ್ಟಿಕೊಂಡು ಕಾಯುತ್ತಿದ್ದರು.

"ಕ್ಷಮಿಸಿದೀನಿ," ಎಂದಳು ಪೂಂಗೋದೈ, ಗೇಟಿನ ಕಾವಲುಗಾರನಿಗೂ ಕೇಳುವಷ್ಟು ಜೋರಾಗಿ. "ಏಳಮ್ಮ."

ಹುಡುಗಿ ಎದ್ದು ಟ್ರಂಕಿನ ಒಂದು ಹಿಡಿ ಹಿಡಿದಳು. ಅಪ್ಪ ಇನ್ನೊಂದು ಹಿಡಿ ಹಿಡಿಯುವ ಮುಂಚೆ ಪೂಂಗೋದೈಗೆ ಕೈ ಮುಗಿದರು.