ಹಿಂಬದಿ ಮುಳುಗಿಸುವ ಹಡಗು

ಆ ಹಡಗಿನ ಉದ್ದ ಇನ್ನೂರು ಮೀಟರ್. ಒಳಗೆ ಏಳುನೂರು ಸೈನಿಕರು, ಟ್ಯಾಂಕ್‌ಗಳು, ಮೇಲಿನ ಡೆಕ್ಕಿನಲ್ಲಿ ಹೆಲಿಕಾಪ್ಟರ್‌ಗಳು. ಚೆನ್ನೈನ ಗಿಂಡಿಯಲ್ಲಿರುವ ವಿನ್ಯಾಸ ಕಚೇರಿಯಲ್ಲಿ ಗಿರಿಜಾದೇವಿ ಆರು ವರ್ಷ ದುಡಿದದ್ದು ಅದರ ಹಿಂಬದಿಗಾಗಿ. ತಳದ ತೊಟ್ಟಿಗಳಿಗೆ ಸಾವಿರಾರು ಟನ್ ಸಮುದ್ರದ ನೀರು ತುಂಬಿಕೊಂಡು ಹಡಗು ತಾನಾಗಿಯೇ ಹಿಂಬದಿಯನ್ನು ಮುಳುಗಿಸಬೇಕು. ಗೇಟು ಇಳಿದು ಕಡಲು ಒಳಗೆ ಬರಬೇಕು. ಸೈನಿಕರನ್ನು ದಡಕ್ಕೆ ಒಯ್ಯುವ ದೋಣಿಗಳು ಹಡಗಿನ ಹೊಟ್ಟೆಯಿಂದಲೇ ತೇಲಿ ಹೊರಡಬೇಕು.

ಇದನ್ನೆಲ್ಲ ಆಕೆ ಕಂಪ್ಯೂಟರಿನಲ್ಲಿ ಮಾತ್ರ ನೋಡಿದ್ದಳು. ಎಣ್ಣೂರಿನ ಹಡಗುಕಟ್ಟೆಯಲ್ಲಿ ಮೇ ಇಪ್ಪತ್ತಕ್ಕೆ ಮೊದಲ ಪರೀಕ್ಷೆ. ಕಚೇರಿಯಿಂದ ಒಬ್ಬರಿಗಷ್ಟೇ ಹಡಗು ಹತ್ತಲು ಅವಕಾಶ, ಪಟ್ಟಿಯಲ್ಲಿ ಗಿರಿಜಾದೇವಿಯ ಹೆಸರು. ಅದೇ ತಿಂಗಳ ಮೂವತ್ತೊಂದಕ್ಕೆ ಅವಳ ನಿವೃತ್ತಿ.

ಹದಿನೇಳರಂದು ಕೊನೆಯ ಬಾರಿ ನಕ್ಷೆ ತಿರುವಿ ಹಾಕುವಾಗ ಆಕೆಯ ಕೈ ನಿಂತಿತು. ತೊಟ್ಟಿಗೆ ನೀರು ತುಂಬುವ ಪೈಪಿಗಿಂತ ಗಾಳಿ ಹೊರಹೋಗುವ ಪೈಪು ಕಾಲುಪಾಲಾದರೂ ದೊಡ್ಡದಿರಬೇಕು, ಇಲ್ಲವಾದರೆ ಒಳಗಿನ ಒತ್ತಡಕ್ಕೆ ಗೋಡೆ ಉಬ್ಬುತ್ತದೆ. ಹೋದ ವರ್ಷ ನೌಕಾಪಡೆ ಮುಳುಗಿಸುವ ಸಮಯದಲ್ಲಿ ಹತ್ತು ನಿಮಿಷ ಉಳಿಸಿಕೊಡಿ ಎಂದಾಗ ಎರಡು ತೊಟ್ಟಿಗಳಿಗೆ ತುಂಬುವ ಪೈಪನ್ನು ದೊಡ್ಡದು ಮಾಡಿದವಳು ಅವಳೇ. ಗಾಳಿಯ ಪೈಪು ಹಳೆಯ ಅಳತೆಯಲ್ಲೇ ಉಳಿದಿತ್ತು.

"ಶಿವರಂಜನ್, ಇಲ್ನೋಡಪಾ," ಎಂದಳು. ಅವಳ ಕೈಕೆಳಗೆ ಕೆಲಸ ಕಲಿತವನು ಈಗ ಅವಳ ಮೇಲಧಿಕಾರಿ. ಚೆನ್ನೈಯಲ್ಲೇ ಬೆಳೆದವನು, ಮಾತಿನ ನಡುವೆ ತಮಿಳು ನುಸುಳುತ್ತಿತ್ತು.

ನಕ್ಷೆ ನೋಡಿ ಅವನು ತಲೆ ಕೆರೆದುಕೊಂಡ. "ಎನ್ನ ಮೇಡಂ, ಈಗ ಹೇಳ್ತೀರಾ? ವಾಲ್ವ್ ಅರ್ಧ ತೆಗೆದು ಮೆಲ್ಲಗೆ ತುಂಬೋಣ. ಟೈಮ್ ಮಾತ್ರ ಲೆಕ್ಕದಲ್ಲಿರೋದೇ ಬರೆದುಬಿಡೋಣ. ಆಮೇಲೆ ಪೈಪ್ ಬದಲಾಯಿಸಿದರಾಯ್ತು."

"ಸುಳ್ಳು ಟೈಮ್ ನಾ ಬರೀಲೇನು?"

"ಮುಂದಕ್ಕೆ ಹಾಕಿದ್ರೆ ಜುಲೈ ಆಗತ್ತೆ. ನೀವು ಇರಲ್ಲ. ಹೊರಗಿನವರಿಗೆ ಪಾಸ್ ಕೊಡಲ್ಲ, ಗೊತ್ತಲ್ಲ?"

"ಗೊತ್ತದ. ಆ ನಿಯಮ ನಿನಗ ಕಲಿಸಿದಾಕೀನೂ ನಾನ."

ಗಿರಿಜಾದೇವಿ ತನ್ನ ತಪ್ಪನ್ನು ತಾನೇ ಬರೆದು, ಸಹಿ ಹಾಕಿ ಕಳುಹಿಸಿದಳು. ಸಂಜೆಯೊಳಗೆ ಪರೀಕ್ಷೆ ಮುಂದಕ್ಕೆ ಹೋಯಿತು.

ಪರೀಕ್ಷೆಯ ದಿನ, ಜುಲೈ ಒಂಬತ್ತರಂದು, ಆಕೆ ಬೆಳಿಗ್ಗೆ ಆರಕ್ಕೇ ಸ್ನಾನ ಮುಗಿಸಿ, ಕಚೇರಿಗೆ ಹೊರಟವಳಂತೆ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ನುಂಗಂಬಾಕ್ಕಂನ ಮನೆಯಲ್ಲಿ ಒಲೆ ಹಚ್ಚಿ, ಆರಿಸಿ, ಮತ್ತೆ ಹಚ್ಚಿದಳು. ಈಗ ವಾಲ್ವ್ ತೆರೆದಿರಬೇಕು. ಈಗ ಹಿಂಬದಿ ಅರ್ಧ ಮೀಟರ್ ಇಳಿದಿರಬೇಕು. ಮಧ್ಯಾಹ್ನ ಶಿವರಂಜನ್‌ನ ಫೋನ್ ಬಂತು.

"ಮೇಡಂ, ಈಗಷ್ಟೇ ಹಡಗಿನಿಂದ ಜೆಟ್ಟಿಗೆ ಇಳಿದೆ. ನೀವು ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಮುಗೀತು! ಎಲ್ಲ ಸರಿಯಾಯ್ತು."

"ಗೇಟ್ ಇಳಿದಾಗ ನೀರು ಹ್ಯಾಂಗ ಬಂತು?"

"ಎರಡು ಮೀಟರ್ ಆಳ, ನಿಮ್ಮ ಲೆಕ್ಕದಷ್ಟೇ."

"ಅದು ನನಗ ಗೊತ್ತದನೋ. ಹ್ಯಾಂಗ ಬಂತು? ಒಮ್ಮೆಲೇ ನುಗ್ಗಿತೋ, ಮೆಲ್ಲಕ ಹರೀತೋ? ಬಿಸಿಲು ಎಲ್ಲೀತನಕ ಒಳಗ ಬಿತ್ತು?"

"ನಾನು ಆಳ ತೋರಿಸೋ ಗೇಜ್ ನೋಡ್ತಿದ್ದೆ ಮೇಡಂ... ಇರಿ, ನೆನಪು ಮಾಡಿಕೊಂಡು ಹೇಳ್ತೀನಿ."

ಗಿರಿಜಾದೇವಿ ಒಲೆ ಆರಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ಮೊದಲಿಂದ ಹೇಳು," ಎಂದಳು. "ಗಡಬಡಿ ಮಾಡಬ್ಯಾಡ."