ಮಜ್ಜಿಗೆ ಮೊದಲೇ ಬಂತು

ಒಂದೊಂದನ್ನೇ ಬಡಿಸಬೇಕು ಎನ್ನುವುದು ಸುಕನ್ಯಾಳ ಯೋಚನೆಯಾಗಿತ್ತು. ಮೊದಲು ಸಣ್ಣ ಲೋಟಗಳಲ್ಲಿ ಬಿಸಿ ಹುರುಳಿ ಕಟ್ಟು. ಅದು ಮುಗಿದ ಮೇಲೆ ರೊಟ್ಟಿ, ಎಣ್ಣೆಗಾಯಿ. ಆಮೇಲೆ ಹೋಳಿಗೆ, ಅದರ ಹಿಂದೆ ಮಸಾಲೆಯ ಬಗಾರಾ ಅನ್ನ, ಕಡೆಗೆ ಮಜ್ಜಿಗೆ. ಎಲ್ಲವನ್ನೂ ಒಮ್ಮೆಲೇ ತಾಟಿಗೆ ಹಾಕಿಬಿಟ್ಟರೆ ಊಟಕ್ಕೆ ಬರುವ ಆಸೀಮ್ ಗಬಗಬ ಉಂಡು ಎದ್ದುಬಿಡುತ್ತಾನೆ. ಅಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

"ಹೋಳಿಗಿ ಬಂದಾಗ ನಾ ಹೇಳ್ತೀನಿ," ಎಂದು ಗಂಡ ಪಂಪಾಪತಿ ಒಪ್ಪಿಕೊಂಡಿದ್ದ.

"ನೀವೇ ಹೇಳಬೇಕು ಮತ್ತ. ಆಸೀಮ್ ಭಾಯ್ ನಿಮ್ಮ ದೋಸ್ತ."

"ಹೇಳ್ತೀನಿ ಅಂದ್ನೆಲ್ಲ."

ಮಾತು ಇಷ್ಟೇ: ಗಂಡ ಹೆಂಡತಿ ಬೇರೆಯಾಗುತ್ತಿದ್ದರು. ಜಗಳವಾಡಿಕೊಂಡು ಅಲ್ಲ. ಜಗಳ ಎಂದೋ ನಿಂತುಹೋಗಿತ್ತು. ಎಂದು ನಿಂತಿತೆಂದು ಇಬ್ಬರಿಗೂ ನೆನಪಾಗಲಿಲ್ಲ, ಹಾಗೆ ನೆನಪಾಗದಿದ್ದದ್ದೇ ಕಡೆಗೆ ಕಾರಣವಾಯಿತು. ಅವಳಿಗೆ ಜವಳಗೇರಾದ ಶಾಲೆಯಿಂದ ಲಿಂಗಸುಗೂರಿಗೆ ವರ್ಗವಾಗಿತ್ತು. ಅಲ್ಲಿ ಒಂದು ಸಣ್ಣ ಮನೆ ನೋಡಿಟ್ಟಿದ್ದಳು. ಮಕ್ಕಳಿರಲಿಲ್ಲ. ಫ್ರಿಜ್ಜು ಅವನಿಗೆ, ಮಿಕ್ಸರ್ ಅವಳಿಗೆ ಎಂದು ಸಾಮಾನು ಹಂಚುವಾಗ ಇಬ್ಬರೂ ನಾಚಿಕೆಯಾಗುವಷ್ಟು ಸೌಜನ್ಯ ತೋರಿಸಿದ್ದರು. ಗೆಳತಿ ಅರ್ಜುಮಂದ್ ಯಾರ ಪಾಲಿಗೆ ಎನ್ನುವುದನ್ನು ಮಾತ್ರ ಯಾರೂ ಎತ್ತಿರಲಿಲ್ಲ.

ಆಸೀಮ್, ಪಂಪಾಪತಿ ಮಸ್ಕಿಯ ಒಂದೇ ಓಣಿಯಲ್ಲಿ ಬೆಳೆದವರು. ಈಗ ಸಿಂಧನೂರಿನಲ್ಲಿ ಇಬ್ಬರೂ ಕೂಡಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದರು. ಅರ್ಜುಮಂದ್ ಆಸೀಮನ ಹೆಂಡತಿ. ಗಂಡಂದಿರು ಅಂಗಡಿಯ ಮಾತಿಗೆ ಕುಳಿತಾಗ ಬೇರೆ ದಾರಿಯಿಲ್ಲದೆ ಮಾತಿಗೆ ಕುಳಿತ ಹೆಂಗಸರು, ಬರಬರುತ್ತ ಗಂಡಂದಿರ ನೆಪವನ್ನೇ ಬಿಟ್ಟಿದ್ದರು. ಆದರೂ ಈ ಗೆಳೆತನ ಗಂಡನ ಕಡೆಯಿಂದ ಬಂದದ್ದು. ಅವನ ಮನೆ ಬಿಡುವಾಗ ಅದನ್ನು ಕೊಂಡೊಯ್ಯಬಹುದೇ? ಸುಕನ್ಯಾಳಿಗೆ ಹೆದರಿಕೆ ಇದ್ದದ್ದು ಅದೊಂದಕ್ಕೇ.

ಸಂಜೆ ಟೇಬಲ್ಲಿನ ಮೇಲಿದ್ದ ಪರೀಕ್ಷೆ ಪೇಪರುಗಳನ್ನು ಮಂಚಕ್ಕೆ ಸಾಗಿಸಿ ನಾಲ್ಕು ಕುರ್ಚಿ ಎಳೆದಳು. ದೀಪ ಹಾಕುವ ಹೊತ್ತಿಗೆ ಅವರು ಬಂದರು.

ಆಸೀಮ್ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಭಾಬಿ, ಇದೇನ್ರೀ, ಔಷಧಿ ಕೊಟ್ಟಂಗ ಕೊಟ್ಟೀರಿ?"

"ಕಟ್ಟು. ಕುಡೀರಿ, ಆಮ್ಯಾಲ ಊಟ ಬರ್ತೈತಿ."

"ಬರ್ತೈತೋ, ಇಷ್ಟಕ್ಕ ಮನಿಗೆ ಕಳಸ್ತೀರೋ?"

"ಕೊಟ್ಟದ್ದು ಕುಡೀರಿ ಸುಮ್ಮ," ಎಂದಳು ಅರ್ಜುಮಂದ್. ಆಮೇಲೆ ಸುಕನ್ಯಾಳ ಕಡೆ ತಿರುಗಿದಳು. "ನೀ ಇಲ್ಲಿ ಕುಂತೀಯಲ್ಲ, ರೊಟ್ಟಿ ಯಾರು ಬಡೀತಾರ?"

"ಪೀರ್‌ಬೀ ಹತ್ರ ಮಾಡಿಸಿ ತರಿಸೀನಿ. ಇವತ್ತ ನಾನೂ ನಿಮ್ಮ ಕೂಡ ಉಣ್ಣಾಕಿ."

ಮನೆಗೆ ಬಂದವರು ಉಂಡು ಎದ್ದ ಮೇಲೆಯೇ ಸುಕನ್ಯಾ ಉಣ್ಣುತ್ತಿದ್ದದ್ದು. ಅರ್ಜುಮಂದ್ ಅವಳ ಮುಖ ನೋಡಿದಳು, ಹೊಟ್ಟೆ ನೋಡಿದಳು, ಬಾಗಿ ಕಿವಿಯಲ್ಲಿ ಕೇಳಿದಳು. "ಏನರ ಐತೇನು?"

ಸುಕನ್ಯಾ ಇಲ್ಲವೆಂದು ತಲೆಯಾಡಿಸಿದಳು. ಅರ್ಜುಮಂದ್ ನಂಬಲಿಲ್ಲ, ಗುಟ್ಟು ಕಾಯುವವಳ ಹಾಗೆ ನಕ್ಕಳು. ರೊಟ್ಟಿ ಮುಗಿಯುವ ತನಕ ಆ ನಗು ಅವಳ ಮುಖದಿಂದ ಅಳಿಯಲಿಲ್ಲ. ಎಣ್ಣೆಗಾಯಿ ಬಡಿಸುವಾಗ ಅವಳೇ ಎದ್ದು ಸೌಟು ಕಸಿದುಕೊಂಡು, "ನೀ ಕುಂದ್ರು, ಭಾಳ ಅಡ್ಡಾಡಬ್ಯಾಡ," ಎಂದಳು. ಕಾಲುವೆಗೆ ನೀರು ಬಿಟ್ಟ ಸುದ್ದಿ, ದಢೇಸುಗೂರಿನವರು ಕೇಳುತ್ತಿದ್ದ ಭತ್ತದ ಬೀಜ ಎಂದು ಗಂಡಸರ ಮಾತು ನಡೆದಿತ್ತು. ಪಂಪಾಪತಿ ಎಂದೂ ಇಲ್ಲದಷ್ಟು ಮಾತಾಡುತ್ತಿದ್ದ.

ತಾಟುಗಳು ಖಾಲಿಯಾದವು. ಸುಕನ್ಯಾ ಏಳುವ ಮೊದಲೇ ಅವನು ಎದ್ದ. "ನಾ ತರ್ತೀನಿ."

ಒಳಗೆ ಮುಚ್ಚಳದ ಸದ್ದಾಯಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅವನು ಹೊರಗೆ ಬಂದಾಗ ಕೈಯಲ್ಲಿ ಮಜ್ಜಿಗೆಯ ಜಗ್ಗು ಇತ್ತು. ಬೇಕೆಂದೇ ತಂದನೋ, ಕೈಗೆ ಸಿಕ್ಕಿದ್ದನ್ನು ತಂದನೋ ಸುಕನ್ಯಾಳಿಗೆ ತಿಳಿಯಲಿಲ್ಲ. ಅವನು ಅವಳ ಕಡೆ ನೋಡದೆ ನಾಲ್ಕು ಲೋಟಕ್ಕೂ ಸುರಿದ.

ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು. ಆಸೀಮನ ಕಣ್ಣು ಒಮ್ಮೆ ಅಡುಗೆಮನೆಯ ಬಾಗಿಲಿಗೆ ಹೋಗಿ ಬಂತು. ಅನ್ನವಿಲ್ಲವೇ ಎಂದು ಕೇಳುವುದು ಅವನಿಗೆ ಸಾಧ್ಯವಿರಲಿಲ್ಲ. ಲೋಟ ಎತ್ತಿ ಕುಡಿದ. "ಬೇಷ್ ಆತ್ರೀ ಭಾಬಿ, ಹೊಟ್ಟಿ ತುಂಬೇತಿ."

"ರಾತ್ರಿ ಹಿಂಗ ಹಗುರ ಉಣಬೇಕು," ಎಂದಳು ಅರ್ಜುಮಂದ್. "ಅನ್ನ ಉಂಡ್ರ ನಿದ್ದಿ ಬರಂಗಿಲ್ಲ ನನಗ."

ಅನ್ನವಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ ಎನ್ನುವುದು ಸುಕನ್ಯಾಳಿಗೆ ಗೊತ್ತಿತ್ತು. ತನ್ನ ಮಾನ ಉಳಿಸಲು ಇಷ್ಟು ಸಲೀಸಾಗಿ ಸುಳ್ಳು ಹೇಳಿದವಳಿಂದ ತಾನು ತಿಂಗಳುಗಟ್ಟಲೆ ನಿಜವನ್ನು ಮುಚ್ಚಿಟ್ಟಿದ್ದೆ ಎನಿಸಿತು. ಬಂದವರಿಬ್ಬರೂ ಎದ್ದು ಕೈ ತೊಳೆದರು. ಅರ್ಜುಮಂದ್ ಕುರ್ಚಿಯ ಬೆನ್ನಿಗೆ ಹಾಕಿದ್ದ ಬುರ್ಖಾ ಎತ್ತಿಕೊಂಡಳು. ಪಂಪಾಪತಿ ತಡೆಯಲಿಲ್ಲ, ಅವನ ಮುಖದಲ್ಲಿ ಪರೀಕ್ಷೆ ಮುಂದೆ ಹೋದ ಹುಡುಗನ ನಿರಾಳ ಇತ್ತು.

"ಕುಂದರ್ರಿ," ಎಂದಳು ಸುಕನ್ಯಾ. "ಊಟ ಮುಗಿದಿಲ್ಲ. ಹೋಳಿಗಿ ಐತಿ, ಬಗಾರಾ ಐತಿ."

ಆಸೀಮ್ ನಕ್ಕ. "ಲೇ ಪಂಪಾ, ಹೋಳಿಗಿ ಮುಚ್ಚಿಟ್ಟು ಮಜ್ಜಿಗಿ ಕುಡಿಸಿ ಕಳಸ್ತೀಯೇನಲೇ? ಇಷ್ಟು ಜೀನ ಯಾವಾಗಾದಿ?"

ಪಂಪಾಪತಿ ನಗಲಿಲ್ಲ. ಅವನು ಹೇಳುವುದಿಲ್ಲ ಎಂದು ಅವಳಿಗೆ ಖಚಿತವಾಯಿತು.

"ನಾವಿಬ್ರೂ ಬ್ಯಾರೆ ಆಗಾಕತ್ತೀವಿ. ಡೈವೋರ್ಸಿಗೆ ಇಬ್ರೂ ಕೂಡೇ ಅರ್ಜಿ ಹಾಕೀವಿ. ನಾ ಲಿಂಗಸುಗೂರಾಗ ಮನಿ ಮಾಡೀನಿ."

ಆಸೀಮ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿದ. "ದಿನಾ ಅಂಗಡ್ಯಾಗ ನನ್ನ ಮಗ್ಗಲಿಗೆ ಕುಂದರ್ತೀ," ಎಂದು ಗೆಳೆಯನಿಗೆ ಹೇಳಿದ. "ಬಾಯಿ ಬಿಟ್ಟಿಲ್ಲಲೇ."

"ಹೆಂಗ ಹೇಳಬೇಕು ತಿಳೀಲಿಲ್ಲ."

"ಹಿಂಗ. ಈಗ ಭಾಬಿ ಹೇಳಿದ್ರಲ್ಲ, ಹಂಗ."

ಅರ್ಜುಮಂದ್ ಬುರ್ಖಾವನ್ನು ಹಿಡಿದೇ ನಿಂತಿದ್ದಳು. "ನಿನ್ನೆ ಫೋನ್ ಮಾಡಿದ್ದಿ ನನಗ," ಎಂದಳು ಮೆಲ್ಲಗೆ. "ಬಗಾರಾಕ್ಕ ನೀರು ಎಷ್ಟು ಹಾಕಬೇಕು ಅಂತ ಕೇಳಿದಿ. ಅದನ್ನ ಕೇಳಾಕ ಬಾಯಿತ್ತು."

"ನಿನಗ ಮೊದಲ ಹೇಳಿದ್ರ ನೀ ಮನ್ಯಾಗ ಮುಚ್ಚಿಡಬೇಕಾಗ್ತಿತ್ತು. ನಿನಗ ಕಷ್ಟ ಅಂತ..."

"ನನ್ನ ಕಷ್ಟ ನಾ ನೋಡ್ಕೋತಿದ್ದೆ. ನಾ ಏನೋ ಅನ್ಕೊಂಡು ಆಗಿಂದ ನಗಾಕತ್ತೀನಿ, ಹುಚ್ಚಿ ಹಂಗ."

ಈಗ ಹೊರಟು ಹೋಗುತ್ತಾಳೆ, ಅಷ್ಟೇ ಎಂದು ಸುಕನ್ಯಾ ಅಂದುಕೊಂಡಳು. ಅರ್ಜುಮಂದ್ ಬುರ್ಖಾವನ್ನು ಮಡಚಿ ಪಕ್ಕಕ್ಕಿಟ್ಟು, ಕುರ್ಚಿ ಎಳೆದು ಕುಳಿತಳು. "ಏನೇನ್ ಐತಿ, ತಗೊಂಡ್ ಬಾ."

ಕೈ ತೊಳೆದವರು ಎಂಜಲು ತಾಟಿಗೆ ಮತ್ತೆ ಕೂರಬಾರದೆಂದು ಸುಕನ್ಯಾ ಬೇರೆ ತಾಟು ತಂದಳು. ಹೋಳಿಗೆಯನ್ನು ಎಲ್ಲರೂ ತಿಂದರು. ಬಗಾರಾ ಬಂತು.

"ಲವಂಗ ಜಾಸ್ತಿ ಆಗೇತಿ," ಎಂದಳು ಅರ್ಜುಮಂದ್.

"ನೀ ಹೇಳಿದಷ್ಟೇ ಹಾಕೀನಿ."

"ನಾ ಹೇಳಿದ್ದು ನಮ್ಮನಿ ದೊಡ್ಡ ಡಬರಿಗೆ. ನಾಕು ಮಂದಿಗೆ ಅಲ್ಲ."

ಆಸೀಮ್ ಅನ್ನವನ್ನು ಕಲಸುತ್ತಾ ಹಿರಿಯನಂತೆ ಗಂಟಲು ಸರಿಮಾಡಿಕೊಂಡ. "ಆಗೋದು ಆಗೇತಿ. ಪಂಪಾ, ನಾಳಿಂದ ರಾತ್ರಿ ಊಟಕ್ಕ ನಮ್ಮನಿಗೆ ಬಾ. ಹೋಟೆಲ್ದಾಗ ಉಂಡು ಹೊಟ್ಟಿ ಕೆಡಿಸ್ಕೋಬ್ಯಾಡ."

ಒಂದೇ ಮಾತಿನಲ್ಲಿ ಪಂಪಾಪತಿಯ ರಾತ್ರಿಗಳಿಗೆಲ್ಲ ವ್ಯವಸ್ಥೆಯಾಯಿತು. ಆಸೀಮ್ ಕೆಟ್ಟವನಲ್ಲ. ಸುಕನ್ಯಾಳ ರಾತ್ರಿಗಳು ಅವನ ನೆನಪಿಗೆ ಬರಲಿಲ್ಲ, ಅಷ್ಟೇ. ಹೀಗೇ ಆಗುತ್ತದೆ ಎಂದು ಅವಳು ಊಹಿಸಿದ್ದಳು. ಆದರೆ ಇಷ್ಟು ಬೇಗ, ತಾನು ಬಡಿಸಿದ ಅನ್ನ ತಾಟಿನಲ್ಲಿರುವಾಗಲೇ ಆಗುತ್ತದೆಂದು ಊಹಿಸಿರಲಿಲ್ಲ. ಎದ್ದು ಮೊದಲಿನ ಎಂಜಲು ತಾಟುಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಸಾಮಾನು ಯಾವಾಗ ಕಟ್ತಿ?" ಅರ್ಜುಮಂದ್ ಕೇಳಿದಳು.

"ಐತಾರ."

"ಒಬ್ಬಾಕೀನೇ?"

"ಹೂಂ."

"ಮುಂಜಾನೆ ಬರ್ತೀನಿ. ಗಾಜಿನ ಸಾಮಾನು ನೀ ಮುಟ್ಟಬ್ಯಾಡ, ನಿನಗ ಕಟ್ಟಾಕ ಬರಂಗಿಲ್ಲ."

ಆಸೀಮ್ ತಲೆಯೆತ್ತಿದ. "ಐತಾರ ಮುದಗಲ್‌ಗೆ ಹೋಗೋದೈತಲ್ಲ, ಅಕ್ಕನ ಮನಿಗೆ?"

"ನೀವು ಹೋಗಿ ಬರ್ರಿ."

"ನಾ ಒಬ್ನೇ?"

"ಪಂಪಣ್ಣನ್ನ ಕರ್ಕೊಂಡ್ ಹೋಗ್ರಿ. ಇಲ್ಲಿ ಕುಂತು ಏನ್ ನೋಡ್ತಾನ ಅವತ್ತ?"

ಆಸೀಮ್ ಹೆಂಡತಿಯನ್ನು ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಕಡೆಗೆ ಅವನು ಪಂಪಾಪತಿಯ ಕಡೆ ತಿರುಗಿ, "ಬರ್ತೀಯೇನಲೇ?" ಎಂದ. ಪಂಪಾಪತಿ ಹೂಂಗುಟ್ಟಿದ.

ಯಾರ ಪಾಲಿಗೆ ಎನ್ನುವುದನ್ನು ಅರ್ಜುಮಂದ್ ತಾನೇ ಹೇಳಿಬಿಟ್ಟಿದ್ದಳು. ಸುಕನ್ಯಾ ತಾಟುಗಳನ್ನು ಹಿಡಿದು ಅಲ್ಲಿಯೇ ನಿಂತಿದ್ದಳು. ಭಾರವಾಗಿದ್ದವು. ಕೆಳಗಿಡಬೇಕೆಂದು ತೋಚಲಿಲ್ಲ.